ಕೆರೆ ನೀರು ಅಳೆಯಲು ಯಾವ ಉಪಗ್ರಹ? ಸೆಂಟಿನೆಲ್-2ಕ್ಕೇ ನನ್ನ ಓಟು

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಲ್ಲಿ ಯಾವ ತಿಂಗಳು ಎಷ್ಟು ಹೆಕ್ಟೇರ್ ನೀರು ನಿಂತಿತ್ತು ಎಂದು ಲೆಕ್ಕ ಹಾಕಬೇಕಾದರೆ ನನ್ನ ಮೊದಲ ಆಯ್ಕೆ ಯುರೋಪಿನ ಭೂವೀಕ್ಷಣಾ ಉಪಗ್ರಹ ಸೆಂಟಿನೆಲ್-2. ದುಡ್ಡು ಕೊಟ್ಟು ಅರ್ಧ ಮೀಟರ್ ಸ್ಪಷ್ಟತೆಯ ಚಿತ್ರ ತರಿಸಿ ನೋಡಿದ ಮೇಲಂತೂ ಈ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ. ಮಾರುವವರು ಕನಿಷ್ಠ ಇಷ್ಟು ಚದರ ಕಿಲೋಮೀಟರ್ ಕೊಳ್ಳಲೇಬೇಕು ಎನ್ನುತ್ತಾರೆ. ನಾಲ್ಕು ಹೆಕ್ಟೇರಿನ ಕುಂಟೆಗೂ ಅಷ್ಟೇ ಬಿಲ್ಲು. ಒಟ್ಟು ಮೋಡ ಒಪ್ಪಂದದ ಮಿತಿಯೊಳಗಿದ್ದರೆ ಚಿತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ, ಆ ಮೋಡ ಸರಿಯಾಗಿ ಕೆರೆಯ ಮೇಲೇ ಕೂತಿದ್ದರೂ. ಕೊನೆಗೆ ಕೈಗೆ ಬರುವುದು ಒಂದೇ ದಿನದ ಚಿತ್ರ. ಕೆರೆ ಅಂಗಳದ ಒತ್ತುವರಿ, ಹೊಸದಾಗಿ ಎದ್ದ ಶೆಡ್ಡು ಗುರುತಿಸಲು ಅದು ಬೇಕೇ ಬೇಕು. ನೀರಿನ ಏರಿಳಿತಕ್ಕೆ ಬೇಕಾದದ್ದು ಐದು ದಿನಕ್ಕೊಮ್ಮೆ ಪುಕ್ಕಟೆಯಾಗಿ ಸಿಗುವ 10 ಮೀಟರ್ ಚಿತ್ರ.

ಅಮೆರಿಕದ ಲ್ಯಾಂಡ್‌ಸ್ಯಾಟ್ 8 ಮತ್ತು 9 ಉಪಗ್ರಹಗಳು ಸೇರಿ ಎಂಟು ದಿನಕ್ಕೊಮ್ಮೆ ಬರುತ್ತವೆ. ತೊಡಕಿರುವುದು 30 ಮೀಟರ್ ಪಿಕ್ಸೆಲ್‌ನಲ್ಲಿ, ಅಂದರೆ ಚಿತ್ರದ ಒಂದೊಂದು ಚೌಕ ನೆಲದ ಮೇಲೆ 30 ಮೀಟರ್ ಅಗಲ. 200 ಮೀಟರ್ ಉದ್ದ, ಅಷ್ಟೇ ಅಗಲದ ಕುಂಟೆ ಅದರಲ್ಲಿ ಸುಮಾರು 44 ಪಿಕ್ಸೆಲ್. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಡದವು, ಅಂದರೆ ನೀರು ಮಣ್ಣು ಎರಡೂ ಬೆರೆತವು. ಸೆಂಟಿನೆಲ್-2ರಲ್ಲಿ ಅದೇ ಕುಂಟೆಗೆ 400 ಪಿಕ್ಸೆಲ್, ದಡದವು 76. ಇಪ್ಪತ್ತು ಮೂವತ್ತು ವರ್ಷ ಹಿಂದಿನ ಕೆರೆ ನೋಡಬೇಕಾದರೆ ಮಾತ್ರ ಲ್ಯಾಂಡ್‌ಸ್ಯಾಟ್ ಬಿಟ್ಟರೆ ಗತಿಯಿಲ್ಲ.

ಸೆಂಟಿನೆಲ್-2ರಲ್ಲಿ ಒಂದು ಕಿರಿಕಿರಿ ಇದೆ, ಅದನ್ನು ಬಿಡಿಸಿಯೇ ಹೇಳಬೇಕು. 2022ರ ಜನವರಿ 25ರಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ತನ್ನ ಸಂಸ್ಕರಣಾ ಆವೃತ್ತಿಯನ್ನು 04.00ಕ್ಕೆ ಏರಿಸಿತು. ಅಂದಿನಿಂದ ಪ್ರತಿ ಪಿಕ್ಸೆಲ್‌ನಲ್ಲಿ ಎಷ್ಟು ಬೆಳಕು ಪ್ರತಿಫಲಿಸಿತು ಎನ್ನುವ ಸಂಖ್ಯೆಗೂ 1000 ಕೂಡಿಸಿ ಕೊಡುತ್ತಾರೆ. ಕಾರಣ ಸರಿಯಾದದ್ದೇ: ತೀರಾ ಕಪ್ಪಾದ ಜಾಗಗಳಲ್ಲಿ ಮೌಲ್ಯ ಸೊನ್ನೆಗಿಂತ ಕೆಳಗಿಳಿಯುತ್ತದೆ, ಆ ಋಣ ಸಂಖ್ಯೆಗಳು ಕತ್ತರಿಸಿಹೋಗಬಾರದು. ಆದರೆ ಹಳೆಯ ಸೂತ್ರವನ್ನು ಹಾಗೇ ಓಡಿಸಿದವರ ಲೆಕ್ಕ ಸದ್ದಿಲ್ಲದೆ ಕೆಡುತ್ತದೆ.

ಹೇಗೆ ಕೆಡುತ್ತದೆ ನೋಡಿ. ನೀರಿನ ಸೂಚ್ಯಂಕ ಎಂದರೆ ಹಸಿರು ಬ್ಯಾಂಡ್‌ನ (ಬ್ಯಾಂಡ್ ಎಂದರೆ ಬೆಳಕಿನ ಒಂದು ಪಟ್ಟಿ) ಸಂಖ್ಯೆಯಿಂದ ಅವಕೆಂಪು ಬ್ಯಾಂಡ್‌ನದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಹಸಿರು 600, ಅವಕೆಂಪು 300 ಇರುವ ನೀರಿನ ಪಿಕ್ಸೆಲ್ ತೆಗೆದುಕೊಂಡರೆ 300 ಭಾಗಿಸು 900, ಅಂದರೆ 0.33. ಎರಡಕ್ಕೂ ಸಾವಿರ ಸೇರಿದರೆ 1600 ಮತ್ತು 1300. ವ್ಯತ್ಯಾಸ ಅದೇ 300, ಮೊತ್ತ ಮಾತ್ರ 2900. ಉತ್ತರ 0.10. ಇದಕ್ಕಿಂತ ಮೇಲಿದ್ದರೆ ನೀರು ಎನ್ನುವ ಮಿತಿಯನ್ನು 0.2ಕ್ಕೆ ಇಟ್ಟಿದ್ದರೆ ತುಂಬಿದ ಕೆರೆ ನಕ್ಷೆಯಲ್ಲಿ ಒಣಗಿಹೋಗುತ್ತದೆ. ಸೊನ್ನೆಗೆ ಇಟ್ಟವರಿಗೆ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಚಿಹ್ನೆ ಬದಲಾಗಿಲ್ಲವಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ 2018ರಿಂದ ಹರಿಯುತ್ತಿದೆ. ಯಾವ ಕೆರೆಗೆ ನೀರು ಮುಟ್ಟಿತು, ಯಾವುದಕ್ಕೆ ಇಲ್ಲ ಎಂದು 2019ರ ಬೇಸಿಗೆಯನ್ನು 2023ರ ಬೇಸಿಗೆಗೆ ಹೋಲಿಸುವವರಿಗೆ ಈ ಸಾವಿರ ಸೀದಾ ಸುಳ್ಳು ಉತ್ತರ ಕೊಡುತ್ತದೆ. ಆ ಉತ್ತರ ಹಿಡಿದು ರೈತರ ಮುಂದೆ ಮಾತಾಡುವ ಹಾಗಿಲ್ಲ.

ಪರಿಹಾರ ಸುಲಭ, ಆ ಸಾವಿರವನ್ನು ಮತ್ತೆ ಕಳೆದರಾಯಿತು, ಆದರೆ ಅದರಲ್ಲೂ ಮೂರು ಕಡೆ ಎಡವುತ್ತಾರೆ. ಮೊದಲನೆಯದು, ದಿನಾಂಕ ನೋಡಿ ತೀರ್ಮಾನಿಸುವುದು. ಹಳೆಯ ಚಿತ್ರಗಳನ್ನೂ ಹೊಸ ಆವೃತ್ತಿಯಲ್ಲಿ ಮತ್ತೆ ಸಂಸ್ಕರಿಸಿ ಇಟ್ಟಿದ್ದಾರೆ, ಹಾಗಾಗಿ 2019ರ ಕಡತದಲ್ಲೂ ಸಾವಿರ ಇರಬಹುದು. ಕಡತದ ಹೆಸರಿನಲ್ಲಿ ಎನ್ ಅಕ್ಷರದ ಮುಂದಿನ ನಾಲ್ಕಂಕಿ ನೋಡಿ: 0400 ಅಥವಾ ಅದಕ್ಕಿಂತ ಮೇಲಿದ್ದರೆ ಕಳೆಯಬೇಕು. ಎರಡನೆಯದು, 0 ಇರುವ ಪಿಕ್ಸೆಲ್‌ಗಳಿಂದಲೂ ಕಳೆಯುವುದು. ಅವು ದತ್ತಾಂಶವೇ ಇಲ್ಲದ ಜಾಗ, ಮುಟ್ಟಬಾರದು. ಮೂರನೆಯದು, ಉಪಗ್ರಹ ಚಿತ್ರಗಳನ್ನು ಆನ್‌ಲೈನ್‌ನಲ್ಲೇ ಸಂಸ್ಕರಿಸುವ ಗೂಗಲ್ ಅರ್ತ್ ಎಂಜಿನ್‌ನಲ್ಲಿ ಹಾರ್ಮೊನೈಸ್ಡ್ ಎಂಬ ಸಂಗ್ರಹ ತೆಗೆದುಕೊಂಡು ಮತ್ತೊಮ್ಮೆ ಸಾವಿರ ಕಳೆಯುವುದು. ಅಲ್ಲಿ ಆ ಕೆಲಸ ಆಗಲೇ ಮುಗಿದಿರುತ್ತದೆ.

ಕೋಲಾರ ಜಿಲ್ಲೆಯವರಿಗೆ ಇನ್ನೊಂದು ಸಣ್ಣ ತೊಡಕು: 78 ಡಿಗ್ರಿ ರೇಖಾಂಶ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸುವ ಯುಟಿಎಂ ನಕ್ಷಾ ಪದ್ಧತಿಯಲ್ಲಿ ಮಾಲೂರು ವಲಯ 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ಗಡಿಯ ಕೆರೆಗಳು ಎರಡೂ ವಲಯದ ಟೈಲ್‌ಗಳಲ್ಲಿ (ಚಿತ್ರದ ಚೌಕ ತುಂಡುಗಳಲ್ಲಿ) ಸಿಗುತ್ತವೆ. ಒಂದನ್ನೇ ಆರಿಸಿಕೊಳ್ಳದಿದ್ದರೆ ಒಂದೇ ಕೆರೆಯ ನೀರು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ನಮ್ಮದೇ ರಿಸೋರ್ಸ್‌ಸ್ಯಾಟ್-2 ಮತ್ತು 2ಎ ಉಪಗ್ರಹಗಳ ಲಿಸ್-4 ಕ್ಯಾಮೆರಾ 5.8 ಮೀಟರ್‌ನದು, ದಡ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಇರುವುದು ಮೂರೇ ಬ್ಯಾಂಡ್: ಹಸಿರು, ಕೆಂಪು, ಅವಕೆಂಪು. ಮೊದಲ ಮಳೆಗೆ ಕೆಂಪುಮಣ್ಣು ಕೊಚ್ಚಿಕೊಂಡು ಬಂದ ರಾಡಿ ನೀರು ಅವಕೆಂಪಿನಲ್ಲೂ ಹೊಳೆಯುವುದರಿಂದ ಸೂಚ್ಯಂಕ ಕುಸಿಯುತ್ತದೆ. ಸೆಂಟಿನೆಲ್-2ರ ಬ್ಯಾಂಡ್ 11 (ಇನ್ನೂ ಉದ್ದ ತರಂಗದ ಅವಕೆಂಪು) ಇಂಥ ಕಡೆ ಕೈಹಿಡಿಯುತ್ತದೆ. ಅದು 20 ಮೀಟರ್‌ನದಾದರೂ ರಾಡಿ ನೀರನ್ನು ನೀರೆಂದೇ ತೋರಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಟ. ಆಗ ಮೋಡದೊಳಗಿಂದಲೂ ನೋಡಬಲ್ಲ ಸೆಂಟಿನೆಲ್-1 ರೇಡಾರ್ ಉಪಗ್ರಹ. ಶಾಂತ ನೀರು ರೇಡಾರ್ ತರಂಗಗಳನ್ನು ಆಚೆಗೆ ಚಿಮ್ಮಿಸುವುದರಿಂದ ಕಪ್ಪಾಗಿ ಕಾಣುತ್ತದೆ. ಗಾಳಿ ಬೀಸಿ ನೀರು ಕದಡಿದರೆ ನೆಲದಷ್ಟೇ ಬೆಳ್ಳಗಾಗುತ್ತದೆ. ನಾಟಿಗೆ ನೀರು ಕಟ್ಟಿದ ಗದ್ದೆ ಕೆರೆಯ ಹಾಗೇ ಕಪ್ಪು, ಆದ್ದರಿಂದ ಕೆರೆಯ ಗಡಿರೇಖೆ ಹಾಕಿಕೊಂಡು ಅದರೊಳಗಷ್ಟೇ ಎಣಿಸಬೇಕು. ಅಂತರಗಂಗೆಯಂಥ ಕಳೆ ಮುಚ್ಚಿದ ಕೆರೆಯಲ್ಲಿ ರೇಡಾರೂ ಸೋಲುತ್ತದೆ, ಸೆಂಟಿನೆಲ್-2ರೂ ಸೋಲುತ್ತದೆ. ಸೆಂಟಿನೆಲ್-1ರ ಎರಡು ಉಪಗ್ರಹಗಳಲ್ಲಿ 1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟುನಿಂತಿತು. ಅದರ ಜಾಗಕ್ಕೆ 1ಸಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ಮೂರು ಮುಂಗಾರಿಗೆ ಇದ್ದದ್ದು ಒಂದೇ ಉಪಗ್ರಹ.

ಈ ರೇಡಾರಿನ ವಿಷಯದಲ್ಲಿ ಸೈನ್ಯದ ನೆರಳೂ ಕಾಣುತ್ತದೆ. ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ರೇಡಾರ್ ಸೆಂಟಿನೆಲ್-1ರ ಸಿ-ಬ್ಯಾಂಡ್ ಆವರ್ತನದ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಪಶ್ಚಿಮ ಏಷ್ಯಾದ ಚಿತ್ರಗಳಲ್ಲಿ ಉಪಗ್ರಹದ ಪಥಕ್ಕೆ ಅಡ್ಡಲಾಗಿ ಉದ್ದುದ್ದ ಪಟ್ಟೆಗಳು ಬೀಳುತ್ತವೆ. ಪ್ರವಾಹ ನೋಡಲೆಂದು ಬಿಟ್ಟ ಉಪಗ್ರಹದ ಪುಕ್ಕಟೆ ಚಿತ್ರದಲ್ಲಿ ಕ್ಷಿಪಣಿ ನೆಲೆಯ ಸುಳಿವು ಸಿಗುತ್ತದೆ! ನಮ್ಮ ರಕ್ಷಣೆಯವರು ತಮಗಾಗಿ ನೆಚ್ಚಿದ್ದು ಬೇರೆ ಸಾಧನಗಳನ್ನು: 2008ರ ಮುಂಬೈ ದಾಳಿಯ ಮರುವರ್ಷ ಹಾರಿ 2022ರವರೆಗೆ ಕಕ್ಷೆಯಲ್ಲಿದ್ದ ರೇಡಾರ್ ಉಪಗ್ರಹ ರಿಸ್ಯಾಟ್-2, 2019ರ ಕಾರ್ಟೊಸ್ಯಾಟ್-3. ಐದು ಮೀಟರ್‌ಗಿಂತ ಸೂಕ್ಷ್ಮವಾದ ಇಸ್ರೋ ಚಿತ್ರಕ್ಕೆ 2023ರ ಬಾಹ್ಯಾಕಾಶ ನೀತಿಯಂತೆ ಸರ್ಕಾರೇತರರು ಬೆಲೆ ಕೊಡಬೇಕು, ಐದು ಮತ್ತು ಅದಕ್ಕಿಂತ ಒರಟಾದದ್ದು ಪುಕ್ಕಟೆ.

ಒಂದು ಸಾಧಾರಣ ಲ್ಯಾಪ್‌ಟಾಪ್, ಪುಕ್ಕಟೆ ನಕ್ಷೆ ತಂತ್ರಾಂಶ ಕ್ಯೂಜಿಐಎಸ್, ಚಿತ್ರಕ್ಕೆಂದು ಎತ್ತಿಟ್ಟ ದುಡ್ಡು ಸೊನ್ನೆ. ಈ ಲೆಕ್ಕದಲ್ಲಿ ಅಕ್ಟೋಬರ್‌ನಿಂದ ಮೇ ತನಕ ಸೆಂಟಿನೆಲ್-2, ಮಳೆಗಾಲದ ತೂತು ಮುಚ್ಚಲು ಸೆಂಟಿನೆಲ್-1 ಸಾಕು. ಇಡೀ ಟೈಲ್ ಇಳಿಸಿ ಡಿಸ್ಕ್ ತುಂಬಿಸಬೇಕಿಲ್ಲ. ಬ್ಯಾಂಡ್ 3 (ಹಸಿರು), 8 (ಅವಕೆಂಪು), 11 ಮತ್ತು ಪ್ರತಿ ಪಿಕ್ಸೆಲ್ ಮೋಡವೋ ನೀರೋ ನೆಲವೋ ಎಂದು ವರ್ಗ ಹಾಕಿಕೊಡುವ ಎಸ್‌ಸಿಎಲ್ ಪದರ ಇದ್ದರೆ ಆಯಿತು. ಎಸ್‌ಸಿಎಲ್‌ನ 3, 8, 9, 10ನೇ ವರ್ಗಗಳನ್ನು (ಮೋಡ ಮತ್ತು ಅದರ ನೆರಳು) ತೆಗೆದುಹಾಕಿ. ಅದರ 6ನೇ ವರ್ಗ ನೀರಿನದೆಂದು ನೇರ ನಂಬಬೇಡಿ, ಮೋಡದ ನೆರಳು ಎಷ್ಟೋ ಸಲ ಅಲ್ಲಿ ಬಂದು ಸೇರಿಕೊಂಡಿರುತ್ತದೆ.