ಶಿವಮೊಗ್ಗದಲ್ಲಿ ಕುಳಿತು ಹೈಕೋರ್ಟ್‌ಗೆ ಹಾಜರಾಗುವುದು: ವಿಡಿಯೊ ವಿಚಾರಣೆ ಸೌಲಭ್ಯದ ವಿಮರ್ಶೆ

ಶಿವಮೊಗ್ಗದಿಂದ ಬೆಂಗಳೂರಿನ ಹೈಕೋರ್ಟ್ ಸುಮಾರು 300 ಕಿಲೋಮೀಟರ್ ದೂರ. ರಾತ್ರಿ ರೈಲು ಹತ್ತಿ, ನಸುಕಿನಲ್ಲಿ ಇಳಿದು, ಲಾಡ್ಜಿನಲ್ಲಿ ಸ್ನಾನ ಮುಗಿಸಿ, 10.30ರ ಹೊತ್ತಿಗೆ ಕೋರ್ಟ್ ಹಾಲ್ ಸೇರಿ, ಸಂಜೆಯವರೆಗೆ ಕಾದು, ಕೊನೆಗೆ ಪ್ರಕರಣ ನಾಲ್ಕು ವಾರ ಮುಂದಕ್ಕೆ ಹೋಯಿತೆಂಬ ಒಂದು ಮಾತು ಕೇಳಿ ಹಿಂದಿರುಗಿದ ದಿನಗಳು ನನ್ನ ವಕೀಲಿಕೆಯಲ್ಲಿ ಎಷ್ಟೋ ಇವೆ. ಜೊತೆಗೆ ಬಂದ ಕಕ್ಷಿದಾರರಿಗೆ ಅದು ಎರಡು ದಿನದ ಕೂಲಿಯ ನಷ್ಟ, ದಾರಿ ಖರ್ಚು, ಮನೆಯಲ್ಲಿ ದನಕರು ನೋಡಿಕೊಳ್ಳಲು ಇನ್ನೊಬ್ಬರ ಹಂಗು. ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಹಾಜರಾಗುವ ಸೌಲಭ್ಯವನ್ನು ನಾನು ಅಳೆಯುವುದು ಈ ಲೆಕ್ಕದಿಂದಲೇ. ಹಾಗೆ ಅಳೆದರೆ, ಜಿಲ್ಲೆ ಮತ್ತು ತಾಲ್ಲೂಕುಗಳ ಜನರಿಗೆ ಈಚಿನ ವರ್ಷಗಳಲ್ಲಿ ನ್ಯಾಯಾಂಗದಿಂದ ಸಿಕ್ಕ ಅತ್ಯಂತ ಉಪಯುಕ್ತ ಸೇವೆ ಇದೇ. ಆದರೆ ಬಳಸುವವರು ಇದನ್ನು ನೆಂಟರೊಡನೆ ಮಾತಾಡುವ ವಿಡಿಯೊ ಕರೆಯಂತೆ ಕಂಡರೆ ಕೈಗೆ ಬಂದದ್ದು ಜಾರಿಹೋಗುತ್ತದೆ.

ಒಮ್ಮೆ ಜಾರಿಯೂ ಹೋಗಿತ್ತು. 2023ರ ಡಿಸೆಂಬರ್ ಮೊದಲ ವಾರದಲ್ಲಿ ಕಿಡಿಗೇಡಿಗಳು ಹೈಕೋರ್ಟ್‌ನ ಜೂಮ್ ಕಲಾಪದೊಳಗೆ ನುಸುಳಿ ಅಶ್ಲೀಲ ದೃಶ್ಯಗಳನ್ನು ತೋರಿಸಿದ್ದರಿಂದ ವಿಡಿಯೊ ಕಾನ್ಫರೆನ್ಸ್ ಮತ್ತು ನೇರಪ್ರಸಾರ ಎರಡನ್ನೂ ಕೆಲಕಾಲ ನಿಲ್ಲಿಸಬೇಕಾಯಿತು. ಯಾರೋ ಮಾಡಿದ ಅಸಹ್ಯಕ್ಕೆ ನಾವು ಮತ್ತೆ ರಾತ್ರಿ ರೈಲು ಹತ್ತಿದೆವು. ಆದ್ದರಿಂದ ಸೇರುವವರು ತಮ್ಮ ಗುರುತನ್ನು ಸ್ಪಷ್ಟವಾಗಿ ತೋರಿಸಬೇಕೆಂಬುದು ನನ್ನ ಕಣ್ಣಿಗೆ ಕಿರಿಕಿರಿಯ ನಿಯಮವಲ್ಲ. ಕೋರ್ಟ್ ಹಾಲ್ ಸಂಖ್ಯೆ, ಆ ದಿನದ ಕಾಸ್ ಲಿಸ್ಟಿನಲ್ಲಿ, ಅಂದರೆ ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿಯಲ್ಲಿ, ನಮ್ಮ ಪ್ರಕರಣದ ಐಟಂ ಸಂಖ್ಯೆ, ಅದರ ಮುಂದೆ ಹೆಸರು, ಹೀಗೆ ಬರೆದುಕೊಂಡು ಸೇರಿದರೆ ಬೆಂಚ್ ಕ್ಲರ್ಕ್‌ಗೆ ನಮ್ಮನ್ನು ಒಳಗೆ ಕರೆದುಕೊಳ್ಳುವುದು ಸುಲಭ. ತೆರೆಯ ಮೇಲೆ ಫೋನ್ ಕಂಪನಿಯ ಹೆಸರೋ ಮನೆಯ ಮಗುವಿನ ಮುದ್ದಿನ ಹೆಸರೋ ಉಳಿದುಬಿಟ್ಟರೆ, ಒಳಗೆ ನಮ್ಮ ಪ್ರಕರಣ ಕೂಗಿಸಿಕೊಳ್ಳುತ್ತಿರುವಾಗ ನಾವು ಹೊರಗೇ ಕಾಯುತ್ತಿರುತ್ತೇವೆ.

ಈ ಸೇವೆ ಕೋವಿಡ್ ಕಾಲದಲ್ಲಿ ಹಠಾತ್ತನೆ ಹುಟ್ಟಿದ್ದೆಂದು ಹಲವರು ತಿಳಿದಿದ್ದಾರೆ. ಸಾಕ್ಷ್ಯವನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ದಾಖಲಿಸಿಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲಿಯೇ ಡಾ. ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. ಅದೇ ಕೋರ್ಟಿನ 2020ರ ಏಪ್ರಿಲ್ 6ರ ಆದೇಶ ವಿಡಿಯೊ ವಿಚಾರಣೆಯನ್ನು ದೇಶದ ಎಲ್ಲ ನ್ಯಾಯಾಲಯಗಳ ದಿನನಿತ್ಯದ ವ್ಯವಹಾರಕ್ಕೆ ತಂದಿತು.

ನಮ್ಮ ಕಚೇರಿಯಲ್ಲಿ ನಡೆದ ಒಂದು ಹಾಜರಿಯನ್ನು ಇಲ್ಲಿ ಹೇಳಬೇಕು. ಜಮೀನಿನ ಮೇಲ್ಮನವಿಯಲ್ಲಿ ಕಕ್ಷಿದಾರರಾಗಿದ್ದ ಎಪ್ಪತ್ತು ದಾಟಿದ ಅಮ್ಮನೊಬ್ಬರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ನ್ಯಾಯಮೂರ್ತಿಗಳು ಪೀಠಕ್ಕೆ ಬಂದದ್ದು ತೆರೆಯ ಮೇಲೆ ಕಂಡದ್ದೇ ತಡ, ಸೆರಗು ಸರಿಮಾಡಿಕೊಂಡು ಎದ್ದು ಕೈಮುಗಿದು ನಿಂತರು. ಕ್ಯಾಮೆರಾದಲ್ಲಿ ಅವರ ಮುಖ ಹೋಗಿ ಮುಗಿದ ಕೈಗಳು ಮಾತ್ರ ಉಳಿದವು. ನಾನು ಮೈಕ್ ಬಂದ್ ಇದೆಯೇ ಎಂದು ನೋಡಿಕೊಂಡು, ‘ಕೂತ್ಕೊಳ್ಳಿ ಅಮ್ಮಾ’ ಎಂದೆ. ‘ಅವರು ಬಂದು ಕೂರೋವಾಗ ನಾವು ಕೂತೇ ಇರೋದು ಹೆಂಗೆ ವಕೀಲ್ರೇ’ ಎಂದರು. ಶಿಷ್ಟಾಚಾರದ ಬಗ್ಗೆ ಅವರಿಗೆ ಕಲಿಸುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. ಲ್ಯಾಪ್‌ಟಾಪಿನ ತೆರೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಅವರ ಮುಖ ಕಾಣುವಂತೆ ಮಾಡಿದೆ. ನಾವು ಕುಳಿತ ಕೋಣೆ ಆ ಹೊತ್ತಿಗೆ ನ್ಯಾಯಾಲಯದ ಭಾಗವಾಗಿರುತ್ತದೆ ಎಂಬ ಮೂಲ ತತ್ತ್ವವನ್ನು ಅವರು ಯಾವ ನಿಯಮಾವಳಿಯನ್ನೂ ಓದದೆ ಅರ್ಥ ಮಾಡಿಕೊಂಡಿದ್ದರು.

ಓದಿದವರೇ ಇದನ್ನು ಮರೆಯುವುದು ನೋವಿನ ಸಂಗತಿ. 2025ರಲ್ಲಿ ವ್ಯಕ್ತಿಯೊಬ್ಬರು ಶೌಚಾಲಯದಲ್ಲಿ ಕುಳಿತು ಗುಜರಾತ್ ಹೈಕೋರ್ಟ್‌ನ ಕಲಾಪಕ್ಕೆ ಸೇರಿದ್ದು ನ್ಯಾಯಾಂಗ ನಿಂದನೆಯ ಪ್ರಕರಣವಾಯಿತು. ಉಡುಪಿನ ವಿಷಯದಲ್ಲಿ ನ್ಯಾಯಾಲಯಗಳು ಕಠಿಣವಾಗಿಯೇನೂ ಇರಲಿಲ್ಲ. ಸಾಂಕ್ರಾಮಿಕದ ದಿನಗಳಲ್ಲಿ ಸುಪ್ರೀಂ ಕೋರ್ಟ್ ಕೋಟು, ಗೌನು ಬಿಟ್ಟು ಬಿಳಿ ಅಂಗಿ ಅಥವಾ ಬಿಳಿ ಸೀರೆಯ ಮೇಲೆ ಕೊರಳಿಗೆ ಬಿಳಿ ಬ್ಯಾಂಡ್ ಧರಿಸಿದರೆ ಸಾಕೆಂದು ವಕೀಲರಿಗೆ ವಿನಾಯಿತಿ ಕೊಟ್ಟಿತ್ತು. ಅಷ್ಟನ್ನೂ ಪಾಲಿಸದೆ ಓಡುವ ಕಾರಿನಿಂದ ವಾದ ಮಂಡಿಸುವುದನ್ನು ನಾನು ಒಪ್ಪಲಾರೆ.

ಧ್ವನಿಮುದ್ರಣ, ಸ್ಕ್ರೀನ್‌ಶಾಟ್ ಯಾವುದನ್ನೂ ಅನುಮತಿ ಇಲ್ಲದೆ ಮಾಡುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಲಾಪದ ನೇರಪ್ರಸಾರದ ತುಣುಕುಗಳನ್ನು ಹಂಚುವುದಕ್ಕೂ ನಮ್ಮ ಹೈಕೋರ್ಟ್ ತಡೆ ನೀಡಿತು. ‘ನಮ್ಮ ಕೇಸು ಹೇಗೆ ನಡೀತು ಅಂತ ಊರಿನ ಗುಂಪಿಗೆ ಹಾಕ್ತೀನಿ’ ಎನ್ನುವ ಯುವ ಕಕ್ಷಿದಾರರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸಾಕ್ಷ್ಯ ದಾಖಲಿಸುವ ಹಂತದಲ್ಲಿ ಮಾತ್ರ ಈ ಸೌಲಭ್ಯದ ಬಗ್ಗೆ ನನ್ನ ಮೆಚ್ಚುಗೆ ತಗ್ಗುತ್ತದೆ. ಒಂದು ವಿಚಾರಣಾ ನ್ಯಾಯಾಲಯದಲ್ಲಿ ಹೊರ ಊರಿನ ಸಾಕ್ಷಿಯನ್ನು ತೆರೆಯ ಮೂಲಕ ಪಾಟೀ ಸವಾಲು ಮಾಡುತ್ತಿದ್ದೆ. ಪ್ರತಿ ಪ್ರಶ್ನೆಗೂ ಅವರು ಮೊದಲು ಎಡಕ್ಕೆ ನೋಡಿ ಆಮೇಲೆ ಉತ್ತರಿಸುತ್ತಿದ್ದರು. ನಾಲ್ಕನೆಯ ಬಾರಿ ಹಾಗಾದಾಗ ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಲು ನಿರ್ದೇಶಿಸಬೇಕೆಂದು ಕೋರಿದೆ. ಕಿಟಕಿಯ ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದ ಇನ್ನೊಬ್ಬರು ಕಂಡರು. ದೂರದ ಸ್ಥಳದಲ್ಲಿ ಒಬ್ಬ ಸಂಯೋಜಕ ಇರಬೇಕು, ಸಾಕ್ಷಿಗೆ ಯಾರೂ ಹೇಳಿಕೊಡದಂತೆ ಆತ ನೋಡಿಕೊಳ್ಳಬೇಕು ಎಂದು ನಿಯಮಗಳು ಹೇಳುವುದು ಇದಕ್ಕಾಗಿಯೇ. ವಿದೇಶದಲ್ಲಿರುವ ಸಾಕ್ಷಿಗಾದರೆ ಅಲ್ಲಿನ ಭಾರತೀಯ ರಾಯಭಾರ ಅಥವಾ ದೂತಾವಾಸ ಕಚೇರಿಯ ಅಧಿಕಾರಿ ಆ ಹೊಣೆ ಹೊರಬೇಕಾಗುತ್ತದೆ. ಸಂಯೋಜಕರಿಲ್ಲದ ಕಡೆ ಪಾಟೀ ಸವಾಲಿಗೆ ನಾನು ಒಪ್ಪಿಗೆ ಕೊಡುವುದನ್ನು ಆ ದಿನದಿಂದ ನಿಲ್ಲಿಸಿದ್ದೇನೆ.

ಸೇವೆಯ ಇನ್ನೊಂದು ಕೊರತೆ ಕಾಯುವಿಕೆ. ಐಟಂ ಸಂಖ್ಯೆ 60 ಇದ್ದವರು ಮುಂಜಾನೆಯಿಂದ ತೆರೆಯ ಮುಂದೆಯೇ ಇರಬೇಕಾಗುತ್ತದೆ, ಏಕೆಂದರೆ ಪಟ್ಟಿ ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಯಾವ ಐಟಂ ನಡೆಯುತ್ತಿದೆ ಎಂದು ತೋರಿಸುವ ಹೈಕೋರ್ಟ್ ಜಾಲತಾಣದ ಡಿಸ್‌ಪ್ಲೇ ಬೋರ್ಡ್ ಬೇರೊಂದು ಫೋನಿನಲ್ಲಿ ತೆರೆದಿಟ್ಟುಕೊಂಡರೆ ಕೊಂಚ ನೆಮ್ಮದಿ. ಧ್ವನಿ ಕೆಟ್ಟರೆ ಸುಮ್ಮನೆ ಕೂರಬಾರದು. ದೂರನ್ನು ಕಲಾಪದ ವೇಳೆಯಲ್ಲೋ ಅದು ಮುಗಿದ ಕೂಡಲೋ ಹೇಳಬೇಕು, ಆಮೇಲೆ ಪರಿಗಣಿಸಲಾಗದು ಎಂದು 2020ರ ಆದೇಶದಲ್ಲಿಯೇ ಇದೆ. ಸೌಲಭ್ಯ ಇಲ್ಲದ ಕಕ್ಷಿದಾರರಿಗೆ ನ್ಯಾಯಾಲಯಗಳೇ ವ್ಯವಸ್ಥೆ ಮಾಡಿಕೊಡಬೇಕೆಂದೂ ಅದೇ ಆದೇಶ ಹೇಳಿದೆ. ಇದು ಹಳ್ಳಿಯ ಜನರಿಗೆ ತಿಳಿದೇ ಇಲ್ಲ. ಇವನ್ನೆಲ್ಲ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಿದ್ದೇನೆ: ಅರ್ಧ ಗಂಟೆ ಮೊದಲು ಬನ್ನಿ, ಆಧಾರ್ ತನ್ನಿ, ಫೋನ್ ಬಂದ್ ಮಾಡಿ, ಕರೆದಾಗ ಮಾತ್ರ ಮೈಕ್ ತೆರೆಯಿರಿ, ಒಬ್ಬರ ಮಾತು ಮುಗಿದ ಮೇಲೆ ಎರಡು ಕ್ಷಣ ಬಿಟ್ಟು ಮಾತಾಡಿ. ಈ ಕೊನೆಯದು ಯಾವ ನಿಯಮದಲ್ಲೂ ಇಲ್ಲ. ಆದರೆ ಶಬ್ದ ತಡವಾಗಿ ತಲುಪುವ ಕಡೆ ಇಬ್ಬರೂ ಒಟ್ಟಿಗೆ ಮಾತಾಡಿದರೆ ನ್ಯಾಯಮೂರ್ತಿಗಳಿಗೆ ಇಬ್ಬರ ಮಾತೂ ಕೇಳಿಸುವುದಿಲ್ಲ.

ಮುಂದೂಡಿಕೆ, ವಕಾಲತ್ತು ಸಲ್ಲಿಕೆಗೆ ಕಾಲಾವಕಾಶ, ಸಣ್ಣ ಮಧ್ಯಂತರ ಅರ್ಜಿ, ಇವಕ್ಕೆಲ್ಲ ನಾನು ಶಿವಮೊಗ್ಗದಿಂದಲೇ ಹಾಜರಾಗುತ್ತೇನೆ. ಅಂತಿಮ ವಾದಕ್ಕೆ, ಅದರಲ್ಲೂ ಸರ್ವೆ ನಕ್ಷೆಯ ಮೇಲೆ ಬೆರಳಿಟ್ಟು ಇದು ಹಳ್ಳ, ಇದು ಬೇಲಿ ಎಂದು ತೋರಿಸಬೇಕಾದ ಪ್ರಕರಣಗಳಿಗೆ, ಈಗಲೂ ರಾತ್ರಿ ರೈಲನ್ನೇ ಹತ್ತುತ್ತೇನೆ. ಆ ಅಮ್ಮನ ಮೇಲ್ಮನವಿ ಅಂತಿಮ ವಾದಕ್ಕೆ ಬಂದಾಗ ಅವರು ನನ್ನ ಕಚೇರಿಯಲ್ಲಿ ತೆರೆಯ ಮುಂದೆ ಕುಳಿತರು, ನಾನು ಬೆಂಗಳೂರಿನ ಕೋರ್ಟ್ ಹಾಲ್‌ನಲ್ಲಿ ನಿಂತೆ.