ಪದ್ಮಿನಿಯೊಳಗೆ ಜಿಪ್ಸಿ ಎಂಜಿನ್: ಬನ್ನಿಮಂಟಪದ ಗ್ಯಾರೇಜೊಂದರ ವೈರಿಂಗ್ ಕೆಲಸ ಹೇಗಿದೆ?

ಹಳೇ ಕಾರಿಗೆ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಕೂರಿಸುವಾಗ ಮೌಂಟಿಂಗ್ ವೆಲ್ಡ್ ಮಾಡುವುದು, ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ತರುವುದು ನುರಿತ ಕೈಗೆ ದೊಡ್ಡ ಮಾತಲ್ಲ. ಕೆಲಸ ಕೆಡುವುದು ವೈರಿಂಗ್‌ನಲ್ಲಿ. ಮೈಸೂರಿನ ಬನ್ನಿಮಂಟಪದ ಈ ಸಣ್ಣ ಆಟೋ ಎಲೆಕ್ಟ್ರಿಕಲ್ ಗ್ಯಾರೇಜು ಎಂಜಿನ್ ಇಳಿಸುವುದೂ ಇಲ್ಲ, ಹತ್ತಿಸುವುದೂ ಇಲ್ಲ. ಬೇರೆ ಕಡೆ ಕೂರಿಸಿ ತಂದ ಎಂಜಿನ್‌ಗೆ ವೈರಿಂಗ್ ಮತ್ತು ಅದಕ್ಕೆ ತಗುಲಿದ ಪೆಟ್ರೋಲ್ ಲೈನಿನ ಕೆಲಸ ಮಾತ್ರ ಮಾಡಿಕೊಡುತ್ತದೆ. ಇಲ್ಲಿ ವಿಮರ್ಶಿಸುತ್ತಿರುವುದು ಪ್ರೀಮಿಯರ್ ಪದ್ಮಿನಿಗೆ ಮಾರುತಿ ಜಿಪ್ಸಿಯ ಜಿ13ಬಿಬಿ ಎಂಜಿನ್ ಹಾಕಿದಾಗಿನ ಕೆಲಸವನ್ನು. 1089 ಸಿಸಿ ಕಾರ್ಬೊರೇಟರ್ ಎಂಜಿನ್ ಇದ್ದ ಜಾಗಕ್ಕೆ 1298 ಸಿಸಿಯ 16 ವಾಲ್ವ್ ಇಂಜೆಕ್ಷನ್ ಎಂಜಿನ್. ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ ಇರುವುದರಿಂದ ವೈರಿಂಗ್‌ಗೆ ಕೊಡುವ ಮೊದಲು ಬ್ರೇಕಿನ ಕಡೆ ಗಮನ ಕೊಡಿ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕರೆಂಟಿನ ಕೆಲಸವನ್ನು ಇವರಿಗೆ ಧೈರ್ಯವಾಗಿ ಒಪ್ಪಿಸಬಹುದು. ಪೆಟ್ರೋಲ್ ಲೈನಿನ ಕೆಲಸವನ್ನು ಮುಂದೆ ನಿಂತು ಮಾಡಿಸಬೇಕು.

ಕಾರು ತೆಗೆದುಕೊಳ್ಳುವ ಮುಂಚೆ ಅವರು ನೋಡುವುದು ಗುಜರಿಯಿಂದ ಬಂದ ಸಾಮಾನನ್ನು. ಎಂಜಿನ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್), ಎಂಜಿನ್ ಕಡೆಯ ಪೂರ್ತಿ ವೈರಿಂಗ್, ಮೇನ್ ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್), ಪೆಟ್ರೋಲ್ ಪಂಪಿನ ರಿಲೇ, ಸ್ಕ್ಯಾನರ್ ಹಾಕುವ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಎಲ್ಲವೂ ಒಂದೇ ಗಾಡಿಯದ್ದಾಗಿರಬೇಕು. ಗುಜರಿಯಲ್ಲಿ ಅವಸರಕ್ಕೆ ಇಸಿಎಂ ಕಪ್ಲರಿನ ಬುಡದಲ್ಲೇ ಬ್ಲೇಡ್ ಹಾಕಿ ಕತ್ತರಿಸಿದ್ದರೆ ಇವರು ಕೆಲಸ ಒಪ್ಪುವುದಿಲ್ಲ. ಹಾಗೆ ಒಪ್ಪದಿರುವುದೇ ಸರಿ. ಅಷ್ಟೂ ತಂತಿಗಳಿಗೆ ಬುಡದಲ್ಲಿ ಜಾಯಿಂಟ್ ಹಾಕಿದರೆ ಮುಂದೆ ಯಾವುದು ಬಿಟ್ಟಿದೆ ಎಂದು ಹುಡುಕುವುದರಲ್ಲೇ ಕಾಲ ಹೋಗುತ್ತದೆ. ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯ ಎಂಜಿನ್ ಆದರೆ ಕೀ, ಕೀ ಸುತ್ತಲಿನ ಆಂಟೆನಾ ಉಂಗುರ, ಅದರ ಮಾಡ್ಯೂಲ್ ಮೂರನ್ನೂ ತರಬೇಕು. ಒಂದು ಕಮ್ಮಿಯಾದರೂ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ.

ವೈರಿಂಗನ್ನು ಮೇಜಿನ ಮೇಲೆ ಹರಡಿ ಹಳೇ ಟೇಪು ಬಿಚ್ಚಿ, ಇಸಿಎಂ ಕಪ್ಲರಿನ ಪ್ರತಿ ಪಿನ್ನಿನಿಂದ ಸೆನ್ಸರ್ ತುದಿಯವರೆಗೆ ಮಲ್ಟಿಮೀಟರಿನಲ್ಲಿ ನೋಡುತ್ತಾರೆ. ಇಸಿಎಂ ತಂತಿಗಳ ಹತ್ತಿರ ಬಲ್ಬಿನ ಟೆಸ್ಟ್ ಲ್ಯಾಂಪ್ ತರುವುದೇ ಇಲ್ಲ. ಆ ಬಲ್ಬು ಎಳೆಯುವ ಕರೆಂಟು ಇಸಿಎಂ ಒಳಗಿನ ಟ್ರಾನ್ಸಿಸ್ಟರನ್ನು ಸುಡಬಲ್ಲದು. ಅನುಭವಸ್ಥ ಎಲೆಕ್ಟ್ರಿಷಿಯನ್ನರೂ ಇಲ್ಲಿ ಎಡವುತ್ತಾರೆ.

ಪವರ್ ಕೊಡುವ ರೀತಿ ಚೆನ್ನಾಗಿದೆ. ಬ್ಯಾಟರಿಯಿಂದ ನೇರವಾಗಿ 6 ಚದರ ಮಿಲಿಮೀಟರಿನ ತಂತಿ, ಬ್ಯಾಟರಿ ಹತ್ತಿರವೇ 30 ಆಂಪಿಯರ್ ಮೇನ್ ಫ್ಯೂಸ್, ಅಲ್ಲಿಂದ ಮೇನ್ ರಿಲೇ. ಪಂಪಿಗೆ 15 ಆಂಪಿಯರ್ ಫ್ಯೂಸ್ ಮತ್ತು 2.5 ಚದರ ಮಿಲಿಮೀಟರ್ ತಂತಿ, ಇಂಜೆಕ್ಟರ್ ಮತ್ತು ಕಾಯಿಲ್‌ಗೆ ಬೇರೆ ಫ್ಯೂಸ್, ರೇಡಿಯೇಟರ್ ಫ್ಯಾನಿಗೆ ಅದರದೇ ರಿಲೇ. ಪದ್ಮಿನಿಯ ಮೂಲ ಫ್ಯೂಸ್ ಬಾಕ್ಸ್ ಮುಟ್ಟುವುದಿಲ್ಲ, ಅದು ಲೈಟು ಹಾರ್ನಿಗೇ ಉಳಿಯುತ್ತದೆ. ಪಂಪನ್ನು ಇಗ್ನಿಷನ್ ಕೀಗೆ ನೇರ ಜೋಡಿಸಿ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಇಸಿಎಂ ಹಿಡಿತದಲ್ಲಿರುವ ಪಂಪು ಕೀ ಹಾಕಿದಾಗ ಎರಡು ಮೂರು ಸೆಕೆಂಡು ಓಡಿ ನಿಂತು, ಎಂಜಿನ್ ತಿರುಗುವಾಗ ಮಾತ್ರ ಮತ್ತೆ ಓಡುತ್ತದೆ. ಕೀಗೆ ನೇರ ಕೊಟ್ಟರೆ ಅಪಘಾತದಲ್ಲಿ ಪೈಪು ಹರಿದ ಮೇಲೂ ಪೆಟ್ರೋಲ್ ಚೆಲ್ಲುತ್ತಲೇ ಇರುತ್ತದೆ.

ಹಳೇ ಕೀ ಸ್ವಿಚ್ಚಿನಲ್ಲಿ ಇನ್ನೊಂದು ಬಲೆ ಇದೆ. ರೇಡಿಯೊದಂಥವಕ್ಕೆ ಕರೆಂಟು ಕೊಡುವ ಆಕ್ಸೆಸರಿಯ ತಂತಿಗೆ ಸೆಲ್ಫ್ ಹೊಡೆಯುವಾಗ ಕರೆಂಟು ಕಡಿತವಾಗುತ್ತದೆ. ಅದರಿಂದ ಇಸಿಎಂಗೆ ಕೊಟ್ಟರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಕೀ ಬಿಟ್ಟ ಕ್ಷಣ ಮಾತ್ರ ಒಮ್ಮೆ ಕೆಮ್ಮುತ್ತದೆ. ಹಳೇ ಕಾಯಿಲ್‌ಗೆ ಬ್ಯಾಲಾಸ್ಟ್ ರೆಸಿಸ್ಟರ್ ಮೂಲಕ ಬರುವ ತಂತಿಯೂ ಬೇಡ, ಅದರಲ್ಲಿ ಪೂರ್ತಿ 12 ವೋಲ್ಟ್ ಸಿಗದು. ಇವರು ಸೆಲ್ಫ್ ಹೊಡೆಸುತ್ತಲೇ ಇಸಿಎಂ ಪಿನ್ನಿನಲ್ಲಿ ಅಳೆದು, 10 ವೋಲ್ಟಿಗಿಂತ ಕೆಳಗಿಳಿಯದಿದ್ದರೆ ಮಾತ್ರ ಮುಂದಕ್ಕೆ ಹೋಗುತ್ತಾರೆ.

ಈ ಗ್ಯಾರೇಜಿನ ನಿಜವಾದ ಹೆಚ್ಚುಗಾರಿಕೆ ಅರ್ತ್ ಮಾಡುವುದರಲ್ಲಿದೆ. ರಬ್ಬರ್ ಮೌಂಟಿಂಗ್ ಮೇಲೆ ಕೂತ ಎಂಜಿನ್‌ಗೂ ಬಾಡಿಗೂ ಲೋಹದ ಸಂಪರ್ಕ ಇರುವುದಿಲ್ಲ. ಅರ್ತ್ ಪಟ್ಟಿ ಮರೆತರೆ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಸೆನ್ಸರ್ ತಂತಿ ಎಂದು ಸಿಕ್ಕ ದಾರಿ ಹಿಡಿಯುತ್ತದೆ. ಇಲ್ಲಿ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ 25 ಚದರ ಮಿಲಿಮೀಟರಿನ ಕೇಬಲ್, ಬ್ಲಾಕಿನಿಂದ ಬಾಡಿಗೆ ಇನ್ನೊಂದು. ಬಾಡಿ ಕಡೆ ಪೇಂಟು ಕೆರೆದು, ಲಗ್ ಬಿಗಿದ ಮೇಲೆ ಗ್ರೀಸ್ ಬಳಿಯುತ್ತಾರೆ. ಸೆನ್ಸರುಗಳ ಅರ್ತ್ ಮಾತ್ರ ಬಾಡಿಗೆ ಹೋಗುವುದೇ ಇಲ್ಲ, ನೇರ ಇಸಿಎಂ ಪಿನ್ನಿಗೆ ವಾಪಸು. ಅದನ್ನು ಕಾರಿನ ಬಾಡಿಗೇ ಜೋಡಿಸಿದರೆ ಹೆಡ್‌ಲೈಟ್ ಹಾಕಿದಾಗ, ಫ್ಯಾನ್ ಓಡಿದಾಗ ಸೆನ್ಸರಿನ ವೋಲ್ಟೇಜು ಅಲುಗಿ ಐಡ್ಲಿಂಗ್ ಏರಿಳಿಯುತ್ತದೆ. ಎಷ್ಟೋ ಕಡೆ ಇದೇ ತೊಂದರೆಗೆ ಇಸಿಎಂ ಕೆಟ್ಟಿದೆ ಎಂದು ಹೊಸದನ್ನು ಕೊಳ್ಳಿಸುತ್ತಾರೆ. ಪರೀಕ್ಷೆ ಸುಲಭ: ಸೆಲ್ಫ್ ಹೊಡೆಯುವಾಗ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.2 ವೋಲ್ಟ್ ದಾಟಬಾರದು. ಇಲ್ಲಿ ಅದನ್ನು ಗಿರಾಕಿಯ ಎದುರೇ ಅಳೆದು ತೋರಿಸುತ್ತಾರೆ.

ಎಂಜಿನ್‌ನ ತಿರುಗುವಿಕೆ ಅಳೆಯುವ ಸೆನ್ಸರಿನ ತಂತಿಯ ಶೀಲ್ಡನ್ನು (ಸುತ್ತಲಿನ ಲೋಹದ ಹೊದಿಕೆಯನ್ನು) ಒಂದೇ ತುದಿಯಲ್ಲಿ ಅರ್ತ್ ಮಾಡಿ, ಪ್ಲಗ್ ವೈರಿನಿಂದ ದೂರ ಎಳೆದಿದ್ದಾರೆ. ಜಾಯಿಂಟುಗಳಿಗೆ ಬೆಸುಗೆ ಇಲ್ಲ, ಕ್ರಿಂಪ್ ಮಾಡಿ (ಲೋಹದ ತುಣುಕಿನಲ್ಲಿ ಒತ್ತಿ ಬಿಗಿದು) ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕುತ್ತಾರೆ. ಎಂಜಿನ್ ಅದುರುವ ಕಡೆ ಬೆಸುಗೆ ಹಾಕಿದ ತಂತಿ ಬೆಸುಗೆ ಮುಗಿಯುವ ಅಂಚಿನಲ್ಲೇ ಮುರಿಯುತ್ತದೆ. ಆಲ್ಟರ್ನೇಟರಿನ ಎಲ್ ಟರ್ಮಿನಲ್ಲನ್ನು ಮೀಟರ್ ಬೋರ್ಡಿನ ಚಾರ್ಜಿಂಗ್ ಬಲ್ಬಿನ ಮೂಲಕವೇ ತಂದಿರುವುದೂ ಮೆಚ್ಚುವಂಥದ್ದು. ಆ ಬಲ್ಬು ಇಲ್ಲದಿದ್ದರೆ ಆಲ್ಟರ್ನೇಟರ್ ಎಚ್ಚರಗೊಳ್ಳದೆ ಚಾರ್ಜೇ ಆಗದಿರಬಹುದು. ಟೆಂಪರೇಚರ್ ಮೀಟರಿಗೆ ಬಿಸಿ ತಿಳಿಸುವ ಹಳೇ ಸೆಂಡರನ್ನೇ ಬೇರೆ ತೂತಿಗೆ ಕೂರಿಸಿದ್ದಾರೆ, ಇಸಿಎಂನ ಸೆನ್ಸರಿಗೆ ಕವಲು ಹೊಡೆದಿಲ್ಲ.

ಜಿಪ್ಸಿ ಎಂಜಿನ್‌ಗೇ ಅಂಟಿಕೊಂಡ ತೊಡಕೊಂದಿದೆ. ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಫೋರ್ ವೀಲ್ ಡ್ರೈವಿನ ಟ್ರಾನ್ಸ್‌ಫರ್ ಕೇಸ್ ಬೇರೆ. ಸ್ಪೀಡೊಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ. ಪದ್ಮಿನಿಗೆ ಅದು ಬೇಡವೆಂದು ಬಿಟ್ಟಾಗ ಸ್ಪೀಡೊಮೀಟರಿಗೂ ದಾರಿಯಿಲ್ಲ, ಇಸಿಎಂಗೆ ವೇಗದ ಸಿಗ್ನಲ್ಲೂ ಇಲ್ಲ. ಸಿಗ್ನಲ್ ಬಾರದಿದ್ದರೆ ಚೆಕ್ ಎಂಜಿನ್ ಲೈಟು ಬರಬಹುದು, ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಧಾನಿಸಿ ನಿಲ್ಲುವಾಗ ಎಂಜಿನ್ ಆಫ್ ಆಗಬಹುದು. ಇವರು ಪ್ರೊಪೆಲ್ಲರ್ ಶಾಫ್ಟಿನ ಫ್ಲಾಂಜಿಗೆ ಅಯಸ್ಕಾಂತ ಕೂರಿಸಿ, ಅದು ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರಿನಿಂದ ಸಿಗ್ನಲ್ ತೆಗೆದಿದ್ದಾರೆ. ಜಾಣ ಪರಿಹಾರ. ಆದರೆ ಸ್ಪೀಡೊಮೀಟರನ್ನು ನಿಮ್ಮ ಪಾಡಿಗೆ ಬಿಡುತ್ತಾರೆ.

ಈಗ ಕೊರತೆಗಳು. ಪದ್ಮಿನಿಯ ಮೂಲ ಪಂಪು ಎಂಜಿನ್‌ಗೆ ಅಂಟಿದ ಮೆಕ್ಯಾನಿಕಲ್ ಪಂಪು, ಒತ್ತಡ ಅತ್ಯಲ್ಪ. ಇಂಜೆಕ್ಷನ್‌ಗೆ ಸುಮಾರು 3 ಬಾರ್ ಬೇಕು. ಇವರು ಹೊರಗಿನ ಇನ್‌ಲೈನ್ ಪಂಪನ್ನು (ಪೈಪಿನ ನಡುವೆ ಕೂರುವ ಪಂಪನ್ನು) ಟ್ಯಾಂಕಿನಿಂದ ಪೆಟ್ರೋಲ್ ಹೊರಬರುವ ಬಾಯಿಗೇ ಜೋಡಿಸಿದ್ದರು. ಇನ್‌ಲೈನ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಹಳೇ ಟ್ಯಾಂಕಿನೊಳಗೆ ಇಂಜೆಕ್ಷನ್ ಟ್ಯಾಂಕಿನಂತೆ ಪೆಟ್ರೋಲ್ ಹಿಡಿದಿಡುವ ಗುಂಡಿಯೂ ಇಲ್ಲ. ಕಾಲು ಟ್ಯಾಂಕ್ ಇರುವಾಗ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದರೆ ಪಂಪು ಗಾಳಿ ಎಳೆದು ಎಂಜಿನ್ ಮುಗ್ಗರಿಸುತ್ತದೆ. ನಡುವೆ ಒಂದರಿಂದ ಒಂದೂವರೆ ಲೀಟರಿನ ಸರ್ಜ್ ಟ್ಯಾಂಕ್ (ಪಂಪಿಗೆ ಸದಾ ಪೆಟ್ರೋಲ್ ಹಿಡಿದಿಡುವ ಸಣ್ಣ ಟ್ಯಾಂಕ್), ಅದನ್ನು ತುಂಬಲು ಕಡಿಮೆ ಒತ್ತಡದ ಸಣ್ಣ ಪಂಪು, ವಾಪಸು ಬರಲು ರಿಟರ್ನ್ ಲೈನ್ ಬೇಕೆಂದು ಮೊದಲೇ ಬರೆದುಕೊಡಿ. ಪೈಪು ಇಂಜೆಕ್ಷನ್‌ಗೆಂದೇ ಮಾಡಿದ್ದಿರಲಿ. ಮಾಮೂಲಿ ರಬ್ಬರ್ ಪೈಪು ಈ ಒತ್ತಡಕ್ಕೂ ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೂ ತಾಳುವುದಿಲ್ಲ.

ರಿಲೇಗಳನ್ನು ಬಾನೆಟ್ ಒಳಗೆ ಪಿನ್ನು ಮೇಲ್ಮುಖವಾಗಿ ಹಾಕಿದ್ದಾರೆ, ಮಳೆನೀರು ನೇರ ಒಳಗಿಳಿಯುತ್ತದೆ. ಪಿನ್ನು ಕೆಳಮುಖವಾಗಿರಬೇಕು. ತಂತಿಗಳಿಗೆ ಸುಕ್ಕು ಪೈಪೂ ಹಾಕಿಲ್ಲ, ಬರೀ ಟೇಪು. ಮಂಡ್ಯ ಕಡೆ ಕೊಟ್ಟಿಗೆ, ಶೆಡ್ಡುಗಳಲ್ಲಿ ನಿಲ್ಲುವ ಕಾರಿಗೆ ಇಲಿ ಕಾಟ ತಪ್ಪಿದ್ದಲ್ಲ. ಸೆನ್ಸರುಗಳಿಗೆ ಕರೆಂಟು ಕೊಡುವ 5 ವೋಲ್ಟಿನ ಒಂದು ತಂತಿ ಕಡಿದು ಬಾಡಿಗೆ ತಾಗಿದರೆ ಆ ಲೈನಿನ ಸೆನ್ಸರೆಲ್ಲ ಒಟ್ಟಿಗೆ ಸುಮ್ಮನಾಗುತ್ತವೆ.

ಆರ್‌ಟಿಒ ಕೆಲಸ ಇವರದಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 52 ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಬೇರೆ ಕಂಪನಿಯ ಎಂಜಿನ್ ಹಾಕುವುದಕ್ಕೆ ಒಪ್ಪಿಗೆ ಸುಲಭವಲ್ಲ. ಮೈಸೂರಿನ ಕೆಎ 09 ಆಗಲಿ, 55 ಆಗಲಿ, ಮಂಡ್ಯದ 11 ಆಗಲಿ, ಎಂಜಿನ್ ಕೊಳ್ಳುವ ಮೊದಲೇ ಕಚೇರಿಗೆ ಹೋಗಿ ಕೇಳಿ. ಆರ್‌ಸಿಯಲ್ಲಿ ಇಲ್ಲದ ಎಂಜಿನ್ ನಂಬರಿಗೆ ಇನ್ಶೂರೆನ್ಸ್ ಕ್ಲೇಮೂ ಕಷ್ಟ.

ಕೇಳಿದರೆ ಮಾತ್ರ ವೈರಿಂಗ್ ನಕ್ಷೆ ಕೊಡುತ್ತಾರೆ, ಅದೂ ಕೈಬರಹದಲ್ಲಿ. ಕೇಳಿ ಪಡೆಯಿರಿ. ಪಿನ್ ನಂಬರ್, ತಂತಿಯ ಬಣ್ಣ, ಫ್ಯೂಸ್ ಜಾಗ ಮೂರೂ ಅದರಲ್ಲಿರಲಿ, ಒಂದು ಪ್ರತಿ ಕಾರಿನಲ್ಲೇ ಇಡಿ. ಕಾರು ಬಿಡಿಸಿಕೊಳ್ಳುವ ದಿನ ಕೀ ಹಾಕಿದಾಗ ಚೆಕ್ ಎಂಜಿನ್ ಲೈಟು ಹತ್ತಿ, ಸ್ಟಾರ್ಟ್ ಆದಮೇಲೆ ಆರಬೇಕು. ಹತ್ತದೇ ಇದ್ದರೆ ಬಲ್ಬೇ ಜೋಡಿಸಿಲ್ಲ ಎಂದು ತಿಳಿಯಿರಿ. ಫ್ಯಾನ್ ತಾನಾಗಿ ಓಡುವವರೆಗೆ ಐಡ್ಲಿಂಗ್‌ನಲ್ಲಿ ಬಿಟ್ಟು, ಹೆಡ್‌ಲೈಟ್ ಹಾಕಿ ಬ್ಯಾಟರಿಯಲ್ಲಿ 13.5 ವೋಲ್ಟಿಗಿಂತ ಮೇಲಿದೆಯೇ ನೋಡಿ, ಆಮೇಲೆ ದುಡ್ಡು ಕೊಡಿ.