ಸೈಕಲ್ ಕೋಚ್ ಆಗಲು ಯಾವ ಕೋರ್ಸ್? ಪಟಿಯಾಲ, ಲೆವೆಲ್ ಒನ್, ಆನ್‌ಲೈನ್ ಮೂರನ್ನೂ ಮಾಡಿದ ಮೇಲೆ

ತಾಲ್ಲೂಕು ಕ್ರೀಡಾಕೂಟ ಮುಗಿಸಿ ಪಿ.ಇ. ಮೇಷ್ಟ್ರುಗಳೆಲ್ಲ ಚಹಾಕ್ಕೆ ನಿಂತಾಗ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಇದೇ: "ಸೈಕಲ್ ಕೋಚ್ ಅನ್ನಿಸ್ಕೊಳ್ಳೋಕೆ ಯಾವ ಸರ್ಟಿಫಿಕೇಟ್ ಮಾಡ್ಬೇಕ್ರೀ ಸರ?" ನಾನು ಮೂರು ಮಾಡಿದ್ದೇನೆ. ಪಟಿಯಾಲದ ಆರು ವಾರದ ಕೋರ್ಸ್, ಯುಸಿಐ ಲೆವೆಲ್ ಒನ್, ಮತ್ತೆ ಮನೆಯಲ್ಲೇ ಕೂತು ಮಾಡಿದ ಒಂದು ವಿದೇಶಿ ಆನ್‌ಲೈನ್ ಕೋರ್ಸ್. ದಾವಣಗೆರೆಯ ಹೈಸ್ಕೂಲೊಂದರಲ್ಲಿ ನೌಕರಿ, ಬೆಳಿಗ್ಗೆ ಕುಂದುವಾಡ ಕೆರೆ ಕಡೆ ಮಕ್ಕಳ ಪ್ರಾಕ್ಟೀಸು, ಭಾನುವಾರ ಡಾಕ್ಟರು, ಎಂಜಿನಿಯರು, ಅಂಗಡಿ ಮಾಲೀಕರ ಗುಂಪು. ನನ್ನ ಅನುಭವದ ಎಲ್ಲೆ ಇಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ಮೂರರ ಹೆಸರಿನಲ್ಲೂ ಕೋಚಿಂಗ್ ಇದೆ, ಮೂರೂ ತಯಾರು ಮಾಡುವುದು ಮಾತ್ರ ಬೇರೆ ಬೇರೆ ಮನುಷ್ಯರನ್ನು. ಬೆಳಿಗ್ಗೆ ವಿಸಲ್ ಹಿಡಿದು ನೀವು ನಿಲ್ಲುವುದು ಹನ್ನೆರಡು ವರ್ಷದ ಹುಡುಗಿಯ ಮುಂದೆಯೋ, ನಲವತ್ತೈದರ ಡಾಕ್ಟರ ಮುಂದೆಯೋ, ಇಲ್ಲಾ ನೌಕರಿ ಕೊಡುವ ಕಮಿಟಿಯ ಮುಂದೆಯೋ? ಅದು ಗೊತ್ತಿಲ್ಲದೆ ಫೀಸು ಕಟ್ಟಬೇಡಿ.

ಪಟಿಯಾಲದಿಂದ ಶುರು ಮಾಡೋಣ. 1961ರಲ್ಲಿ, ಪಟಿಯಾಲ ಮಹಾರಾಜರ ಹಳೇ ಮೋತಿಬಾಗ್ ಅರಮನೆಯಲ್ಲಿ ಆರಂಭವಾದ ಸಂಸ್ಥೆ ಅದು. ಪೂರ್ತಿ ಹೆಸರು ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ನಮ್ಮ ಬಾಯಲ್ಲಿ ಬರೀ ಎನ್‌ಐಎಸ್. "ಅವರು ಎನ್‌ಐಎಸ್ ಮಾಡಿದಾರೆ" ಅಂದರೆ ಸಾಕು, ಮುಖ್ಯೋಪಾಧ್ಯಾಯರಿಂದ ಹಿಡಿದು ಎಸ್‌ಡಿಎಂಸಿ ಅಧ್ಯಕ್ಷರವರೆಗೆ ಎಲ್ಲರೂ ಕುರ್ಚಿ ಹಾಕುತ್ತಾರೆ. ಆ ಮಾತಿನ ಒಳಗೆ ಎರಡು ಬೇರೆ ಕೋರ್ಸ್ ಇವೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಒಂದು ಡಿಪ್ಲೊಮಾ, ಇನ್ನೊಂದು ಆರು ವಾರದ ಸರ್ಟಿಫಿಕೇಟ್. ನಾನು ಮಾಡಿದ್ದು ಎರಡನೆಯದು.

ಬೆಳಿಗ್ಗೆ ಮೈದಾನ, ಮಧ್ಯಾಹ್ನ ಕ್ಲಾಸು, ಸಂಜೆ ಮತ್ತೆ ಮೈದಾನ. ಶರೀರಶಾಸ್ತ್ರ, ಮನಶ್ಶಾಸ್ತ್ರ, ತರಬೇತಿಯ ಸಿದ್ಧಾಂತ. ಈ ಪಾಠಗಳು ಎಲ್ಲಾ ಆಟದವರಿಗೂ ಒಟ್ಟಿಗೇ. ಬಾಕ್ಸಿಂಗಿನವರು, ಹ್ಯಾಂಡ್‌ಬಾಲಿನವರು ಪಕ್ಕದಲ್ಲೇ ಕೂತಿರುತ್ತಾರೆ. ಹಿಂದಿ, ಇಂಗ್ಲಿಷ್ ಬೆರೆಸಿದ ಪಾಠ ನಮ್ಮ ಕಡೆಯವರಿಗೆ ಮೊದಲ ಕೆಲವು ದಿನ ತಲೆಗೆ ಹತ್ತುವುದು ಕಷ್ಟ, ಆಮೇಲೆ ಕಿವಿ ಪಳಗುತ್ತದೆ. ಸೈಕಲ್ಲಿಗೇ ಸಂಬಂಧಪಟ್ಟದ್ದು ಸಿಗುವುದು ಮೈದಾನದ ಹೊತ್ತಿನಲ್ಲಿ.

ಅಲ್ಲಿಂದ ತಂದದ್ದರಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರುವುದು ಎರಡು. ಒಂದು, ವರ್ಷದ ಯೋಜನೆಯನ್ನು ಸ್ಪರ್ಧೆಯ ದಿನದಿಂದ ಹಿಂದಕ್ಕೆ ಬರೆಯುವುದು. ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲ್ ಮೇ ಸುಡುಬಿಸಿಲು, ಆಷಾಢದಲ್ಲಿ ಗಾಳಿ. ಇವನ್ನೆಲ್ಲ ಮೊದಲೇ ಗುರುತು ಹಾಕಿಕೊಂಡರೆ ಭಾರದ ವಾರ ಯಾವುದು, ಹಗುರ ವಾರ ಯಾವುದು ಎಂಬುದು ತಾನಾಗಿ ಗೊತ್ತಾಗುತ್ತದೆ. ಇನ್ನೊಂದು, ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ 6ರಿಂದ 20ರವರೆಗಿನ ಪಟ್ಟಿ. ಎಷ್ಟು ಆಯಾಸ ಆಗುತ್ತಿದೆ ಅಂತ ಸವಾರನೇ ಒಂದು ಅಂಕಿ ಹೇಳಬೇಕು. ಸುಮ್ಮನೆ ಕೂತರೆ 6, ಇನ್ನಾಗುವುದೇ ಇಲ್ಲ ಅಂದರೆ 20. ಅದನ್ನು ಹತ್ತರಿಂದ ಗುಣಿಸಿದರೆ ಎದೆಬಡಿತದ ಅಂದಾಜು ಸಿಗುತ್ತದೆ ಎಂಬುದು ಲೆಕ್ಕ. ಎದೆಬಡಿತ ಅಳೆಯುವ ವಾಚು, ಬೆಲ್ಟು ಏನೂ ಇಲ್ಲದ ನಮ್ಮ ಹುಡುಗರು ಈಗ ತುಳಿಯುತ್ತಲೇ "ಹದಿಮೂರು ಸರ", "ಹದಿನೇಳಾಯ್ತು ಸರ" ಎಂದು ಕೂಗುತ್ತಾರೆ. ಕೆಲವರು ಮಾನಕ್ಕೆ ಅಂಜಿ ಎರಡು ಕಮ್ಮಿ ಹೇಳುತ್ತಾರೆ, ಅದನ್ನೂ ಹಿಡಿಯಲು ಬರುತ್ತದೆ. ಹದಿನೇಳರಲ್ಲಿ ಇರುವವನಿಗೆ ಪೂರ್ತಿ ವಾಕ್ಯ ಮಾತಾಡಲು ಆಗುವುದಿಲ್ಲ.

ಇಷ್ಟಾದರೂ, ಬೀಳುವ ಹುಡುಗನನ್ನು ಬೀಳದಂತೆ ಮಾಡುವುದು ಹೇಗೆ ಎಂಬುದಕ್ಕೆ ಆರು ವಾರದಲ್ಲಿ ಹೆಚ್ಚು ಜಾಗ ಇಲ್ಲ. ಅದು ಸಿಕ್ಕಿದ್ದು ಲೆವೆಲ್ ಒನ್‌ನಲ್ಲಿ.

ಯುಸಿಐ ಅಂದರೆ ಸೈಕ್ಲಿಂಗಿನ ಜಾಗತಿಕ ಒಕ್ಕೂಟ. ಸ್ವಿಟ್ಜರ್ಲೆಂಡಿನ ಏಗಲ್ ಎಂಬ ಊರಲ್ಲಿ 2002ರಿಂದ ಅದರ ವಿಶ್ವ ಸೈಕ್ಲಿಂಗ್ ಕೇಂದ್ರ ಇದೆ. ಅಂಡಮಾನಿನ ಎಸೋ ಆಲ್ಬನ್ 2018ರ ಜೂನಿಯರ್ ವಿಶ್ವ ಟ್ರ್ಯಾಕ್ ಚಾಂಪಿಯನ್‌ಷಿಪ್‌ನ ಕೈರಿನ್ ಎಂಬ ವೇಗದ ರೇಸಿನಲ್ಲಿ ಬೆಳ್ಳಿ ಗೆದ್ದದ್ದು ಆ ಊರಲ್ಲೇ. ಕೋಚುಗಳಿಗೆ ಮೂರು ಹಂತ ಇಟ್ಟಿದ್ದಾರೆ. ಮೊದಲನೆಯದನ್ನು ಆಯಾ ದೇಶದ ಒಕ್ಕೂಟದ ಜೊತೆ ಸೇರಿ ಅಲ್ಲೇ ನಡೆಸುತ್ತಾರೆ, ಇಂಥವಕ್ಕೆ ಒಲಿಂಪಿಕ್ ಸಮಿತಿಯ ನೆರವಿನ ಯೋಜನೆಯಾದ ಒಲಿಂಪಿಕ್ ಸಾಲಿಡಾರಿಟಿಯ ದುಡ್ಡು ಬರುವುದೂ ಉಂಟು. ಹಾಗಾಗಿ ಖರ್ಚು ನಿಮ್ಮ ತಲೆ ಮೇಲೆ ಕಮ್ಮಿ. ತೊಡಕೇನೆಂದರೆ, ದುಡ್ಡಿದೆ ಎಂದು ಯಾರು ಬೇಕಾದರೂ ಹೋಗಿ ಸೇರುವ ಹಾಗಿಲ್ಲ. ಹೆಸರು ಒಕ್ಕೂಟದ ಮೂಲಕವೇ ಹೋಗಬೇಕು. ಯಾವಾಗ ನಡೆಯುತ್ತದೆ ಎಂಬುದೂ ನಮ್ಮ ಕೈಯಲ್ಲಿಲ್ಲ.

ನಮ್ಮ ಬ್ಯಾಚು ನಡೆದದ್ದು ದೆಹಲಿಯಲ್ಲಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ 250 ಮೀಟರಿನ ಮರದ ಒಳಾಂಗಣ ಟ್ರ್ಯಾಕ್ ಅಲ್ಲಿದೆ. ಬಾಗಿದ ಆ ಗೋಡೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಲಿತದ್ದರಲ್ಲಿ ಹೆಚ್ಚಿನದು ಮಾತ್ರ ಹೊರಗಿನ ಪಾರ್ಕಿಂಗ್ ಜಾಗದಲ್ಲಿ, ಸೀಮೆಸುಣ್ಣ, ಕೋನು, ನೀರಿನ ಬಾಟಲಿ ಇಟ್ಟುಕೊಂಡು. ಮೊದಲ ಆಟ ಯಾವುದು ಗೊತ್ತೇ? ಸ್ಲೋ ಸೈಕಲ್ ರೇಸ್! ನಾವು ರಾಜ್ಯೋತ್ಸವಕ್ಕೆ, ಗಣಪತಿ ಹಬ್ಬಕ್ಕೆ ಆಡಿಸುತ್ತೇವಲ್ಲ, ಕಾಲು ಊರದೆ ಕೊನೆಗೆ ತಲುಪಿದವನಿಗೆ ಸ್ಟೀಲ್ ಡಬ್ಬಿ ಬಹುಮಾನ ಕೊಡುವುದು, ಅದೇ. ಅಲ್ಲಿ ಅದು ಸಮತೋಲ ಕಾಯುವ ಪಾಠ. ಆಮೇಲೆ ಓಡುವ ಸೈಕಲ್ಲಿನಿಂದಲೇ ಬಗ್ಗಿ ನೆಲದ ಮೇಲಿನ ಬಾಟಲಿ ಎತ್ತುವುದು, ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ಹುಲ್ಲಿನ ಮೇಲೆ ತುಳಿಯುವುದು.

ಬ್ರೇಕಿನ ಪಾಠವಂತೂ ನಮ್ಮ ಊರಿಗೇ ಹೇಳಿ ಮಾಡಿಸಿದ್ದು. ನಮ್ಮಲ್ಲಿ ಸೈಕಲ್ ಕಲಿಸುವ ಅಣ್ಣ, ಮಾವ ಎಲ್ಲರೂ ಮೊದಲು ಹೇಳುವ ಮಾತು "ಮುಂದಿನ ಬ್ರೇಕ್ ಹಿಡೀಬ್ಯಾಡ, ಪಲ್ಟಿ ಹೊಡೀತೀಯ." ಹಾಗಾಗಿ ಮಕ್ಕಳು ಬರೀ ಹಿಂದಿನ ಬ್ರೇಕಿನಲ್ಲಿ ಬದುಕುತ್ತಾರೆ, ಅದು ಜಾರುತ್ತದೆ, ನಿಲ್ಲುವುದಿಲ್ಲ. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನದರಲ್ಲೇ. ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದು, ಅಂಡನ್ನು ಸೀಟಿನ ಹಿಂದಕ್ಕೆ ಜರುಗಿಸಿ, ಎರಡೂ ಬ್ರೇಕನ್ನು ಹದವಾಗಿ ಒತ್ತಿ ಆ ಚೌಕದೊಳಗೇ ನಿಲ್ಲಿಸಬೇಕು. ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಚೌಕ ಚಿಕ್ಕದಾಗುತ್ತಾ ಹೋಗುತ್ತದೆ. ತಿರುವಿಗೂ ಹಾಗೇ ಕ್ರಮ ಇದೆ: ಬ್ರೇಕು ತಿರುವಿಗೆ ಮುಂಚೆಯೇ ಮುಗಿಯಬೇಕು, ಹೊರಬದಿಯ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಬಿಟ್ಟು ಹೊರಡುವ ಜಾಗದ ಮೇಲೆ.

ಇನ್ನೊಂದು ಕೆಲಸ, ರೋಲ್‌ಔಟ್. ನೆಲದ ಮೇಲೆ ಗೆರೆ ಎಳೆದು, ಪೆಡಲ್ಲನ್ನು ನೆಟ್ಟಗೆ ಕೆಳಗಿಟ್ಟು, ಸೈಕಲ್ಲನ್ನು ಹಿಂದಕ್ಕೆ ಉರುಳಿಸುತ್ತಾ ಪೆಡಲ್ ಒಂದು ಸುತ್ತು ಪೂರ್ತಿ ಬರುವವರೆಗೆ ಹೋದ ದೂರ ಟೇಪಿನಲ್ಲಿ ಅಳೆಯಬೇಕು. ಜೂನಿಯರ್ ರೋಡ್ ರೇಸಿಗೆ ಈ ದೂರ 7.93 ಮೀಟರ್ ಮೀರಬಾರದು ಎಂಬ ಮಿತಿ ಇತ್ತು, ಅಂದರೆ ಮುಂದಿನ ಗೇರುಚಕ್ರಕ್ಕೆ 52 ಹಲ್ಲು, ಹಿಂದಿನದಕ್ಕೆ 14. 2023ರಿಂದ ಯುಸಿಐ ಈ ಮಿತಿ ತೆಗೆದುಹಾಕಿದೆ. ನಿಯಮ ಹೋದರೂ ನಾನು ಮಕ್ಕಳಿಗೆ ಅಳೆಯುವುದನ್ನು ಬಿಟ್ಟಿಲ್ಲ. ದೊಡ್ಡ ಗೇರಿಗೆ ಹಾಕಿ ಹಲ್ಲು ಕಚ್ಚಿ ತುಳಿಯುವುದೇ ಗಂಡಸುತನ ಎಂದುಕೊಂಡ ಎಳೇ ಹುಡುಗನ ಮಂಡಿ ಬೇಗ ನೋಯುತ್ತದೆ. 2006-07ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರ ಕೊಟ್ಟ ಸೈಕಲ್ ಒಂದು ನಮ್ಮ ಶಾಲೆಯ ಮೂಲೆಯಲ್ಲಿತ್ತು, ಅಳೆದರೆ ಐದು ಮೀಟರಿನ ಆಸುಪಾಸು. ಕಾಲು ಚುರುಕಾಗಿ ತಿರುಗಿಸುವುದನ್ನು ಕಲಿಯಲು ಅದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಆನ್‌ಲೈನ್ ಕೋರ್ಸಿನ ಲೋಕವೇ ಬೇರೆ. ಡಾಲರಿನಲ್ಲಿ ಫೀಸು, ವಿಡಿಯೊ ಪಾಠ, ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆ, ಆಮೇಲೆ ನವೀಕರಣಕ್ಕೆ ಮತ್ತೆ ದುಡ್ಡು. ಯಾರೂ ನಿಮ್ಮನ್ನು ಸೈಕಲ್ಲಿನ ಪಕ್ಕ ನಿಂತು ನೋಡುವುದಿಲ್ಲ. ಮುಖ್ಯ ವಿಷಯ ಪವರ್ ಮೀಟರ್, ಅಂದರೆ ತುಳಿತದ ಶಕ್ತಿಯನ್ನು ವ್ಯಾಟಿನಲ್ಲಿ ಅಳೆಯುವ ಉಪಕರಣ. ಇಪ್ಪತ್ತು ನಿಮಿಷ ಆದಷ್ಟೂ ಜೋರಾಗಿ, ಒಂದೇ ಸಮನೆ ತುಳಿಸಿ, ಸರಾಸರಿಯ 95 ಶೇಕಡಾ ತೆಗೆದರೆ ಅದು ಎಫ್‌ಟಿಪಿ, ಅಂದರೆ ಸುಮಾರು ಒಂದು ತಾಸು ಒಂದೇ ಸಮನೆ ತುಳಿಯಬಲ್ಲ ಶಕ್ತಿಯ ಅಂದಾಜು. 210 ವ್ಯಾಟ್ ಬಂದರೆ ಎಫ್‌ಟಿಪಿ ಸುಮಾರು 200. ಅದರಿಂದ ಶ್ರಮದ ಏಳು ವಲಯ ಮಾಡುತ್ತಾರೆ. ಎರಡನೇ ವಲಯ ಅದರ 56ರಿಂದ 75 ಶೇಕಡಾ, ಅಂದರೆ ಈ ಸವಾರ ಉದ್ದದ ಸವಾರಿಯನ್ನು 112ರಿಂದ 150 ವ್ಯಾಟಿನೊಳಗೆ ಮುಗಿಸಬೇಕು.

ಇದರ ಬೆಲೆ ತಿಳಿಯಬೇಕಾದರೆ ಆಷಾಢದಲ್ಲಿ ಚಿತ್ರದುರ್ಗಕ್ಕೆ ಹೋಗಬೇಕು. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ದಾವಣಗೆರೆಯಿಂದ ದುರ್ಗದ ಕಡೆ ಹೋಗುವಾಗ ಗಾಳಿ ಬೆನ್ನಿಗೆ, ಎಲ್ಲರೂ ಚಾಂಪಿಯನ್ನರೇ. ವಾಪಸು ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ, ಭರಮಸಾಗರ ಬರುವಷ್ಟರಲ್ಲಿ ಗುಂಪು ಚೂರಾಗಿರುತ್ತದೆ. ಸ್ಪೀಡು ನೋಡಿ ತರಬೇತಿ ಕೊಟ್ಟರೆ ಹೋಗುವ ದಾರಿಯಲ್ಲಿ ಆರಾಮ, ಬರುವ ದಾರಿಯಲ್ಲಿ ಸಾವು. ವ್ಯಾಟ್ ನೋಡಿದರೆ ಎರಡೂ ಕಡೆ ಒಂದೇ ಶ್ರಮ. ನಮ್ಮ ಭಾನುವಾರದ ಗುಂಪಿನ ಡಾಕ್ಟರಿಗೆ ಇದು ಒಂದೇ ದಿನದಲ್ಲಿ ಮನವರಿಕೆಯಾಯಿತು. ಎಫ್‌ಟಿಪಿ ಪರೀಕ್ಷೆಗೂ ಹಂಪ್ಸ್ ಇರುವ ನಮ್ಮ ಕೊಂಡಜ್ಜಿ ರಸ್ತೆಗಿಂತ ಚಿತ್ರದುರ್ಗದ ಜೋಗಿಮಟ್ಟಿಯ ಏರು ವಾಸಿ, ಏರಿನಲ್ಲಿ ಕಾಲಿಗೆ ಬಿಡುವು ಕೊಡಲು ಆಗುವುದೇ ಇಲ್ಲ.

ಆದರೆ ಒಂದು ಪವರ್ ಮೀಟರಿನ ದುಡ್ಡಿನಲ್ಲಿ ಇಬ್ಬರು ಹುಡುಗರಿಗೆ ಸಾಧಾರಣ ಗೇರ್ ಸೈಕಲ್ ಬರುತ್ತದೆ. ಶಾಲೆಯ ಮಕ್ಕಳಿಗೆ ಬೋರ್ಗ್ ಪಟ್ಟಿಯೇ ಗತಿ, ಅದೇ ಸಾಕು ಕೂಡ.

ಆನ್‌ಲೈನ್ ಕೋರ್ಸಿನಲ್ಲಿ ನನಗೆ ತುಂಬಾ ಹಿಡಿಸಿದ್ದು ವ್ಯಾಟ್ ಅಲ್ಲ, ಮಕ್ಕಳ ಸುರಕ್ಷತೆಯ ಪಾಠ. ಅದನ್ನು ಮುಗಿಸದೆ ಪರೀಕ್ಷೆಗೇ ಬಿಡುವುದಿಲ್ಲ. ಒಬ್ಬಳೇ ಹುಡುಗಿಯನ್ನು ಕರೆದುಕೊಂಡು ಪ್ರಯಾಣ ಮಾಡಬಾರದು, ಮುಚ್ಚಿದ ಕೋಣೆಯಲ್ಲಿ ಮಸಾಜ್ ಕೂಡದು, ಮಕ್ಕಳಿಗೆ ಮೆಸೇಜ್ ಹಾಕಿದರೆ ತಂದೆತಾಯಿಗೂ ಕಾಣುವಂತೆ ಹಾಕಬೇಕು. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. 2022ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ, ಮಹಿಳಾ ಕ್ರೀಡಾಪಟುಗಳಿರುವ ತಂಡದ ಜೊತೆ ಮಹಿಳಾ ಕೋಚ್ ಇರಲೇಬೇಕು ಎಂದು ಸೂಚನೆ ಹೊರಡಿಸಿತು. ಸೈಕ್ಲಿಂಗಿನಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಏರುತ್ತಿರುವಾಗ ನಮ್ಮ ಶಿಕ್ಷಕಿಯರು ಈ ಕೋರ್ಸುಗಳಿಗೆ ಹೆಸರು ಕೊಡಬೇಕು ಎಂದು ನಾನು ಸಿಕ್ಕಸಿಕ್ಕಲ್ಲಿ ಹೇಳುತ್ತಿರುವುದು ಇದಕ್ಕೇ.

ಮಧ್ಯೆ ಒಂದು ವೀಕೆಂಡ್ ವರ್ಕ್‌ಶಾಪಿಗೂ ಹೋಗಿದ್ದೆ. ಹೋಟೆಲ್ ಹಾಲ್, ಪ್ರೊಜೆಕ್ಟರ್, ಒಳ್ಳೆಯ ಊಟ, ಬಂದವರಿಗೆಲ್ಲ ಚಿನ್ನದ ಬಣ್ಣದ ಸರ್ಟಿಫಿಕೇಟ್. ಸೈಕಲ್ ಮಾತ್ರ ಒಂದೂ ಇರಲಿಲ್ಲ. ಅದಕ್ಕೆ ಕೊಡುವ ದುಡ್ಡಲ್ಲಿ ವಿಜಯಪುರಕ್ಕೋ ಬಾಗಲಕೋಟೆಗೋ ಬಸ್ಸು ಹತ್ತಿ. ಕರ್ನಾಟಕದ ಸೈಕ್ಲಿಂಗ್ ಬದುಕಿರುವುದೇ ಆ ಎರಡು ಜಿಲ್ಲೆಗಳಲ್ಲಿ. ಅಲ್ಲಿನ ಕೋಚುಗಳ ಹಿಂದೆ ಸ್ಕೂಟರಿನಲ್ಲಿ ಕೂತು ಒಂದು ಬೆಳಗಿನ ಪ್ರಾಕ್ಟೀಸ್ ನೋಡಿದರೂ ಕಾಗದ ಸಿಗುವುದಿಲ್ಲ, ಕಣ್ಣು ತೆರೆಯುತ್ತದೆ.

ಹಾಗಾದರೆ ಯಾವುದು? ಮಕ್ಕಳಿಗೆ ಕಲಿಸುವವರಿಗೆ ಲೆವೆಲ್ ಒನ್‌ಗೆ ಸಾಟಿ ಇಲ್ಲ. ಅವಕಾಶ ಬಂದಾಗ ರಜೆ ಹಾಕಿಯಾದರೂ ಹೋಗಿ. ಅದು ಬರುವ ತನಕ ಆರು ವಾರದ ಕೋರ್ಸ್ ಮಾಡಿಕೊಳ್ಳಿ. ವರ್ಷಕ್ಕೊಮ್ಮೆ, ಬೇಸಿಗೆ ರಜೆಯ ಆಸುಪಾಸಿನಲ್ಲಿ ನಡೆಯುತ್ತದೆ. ಆದರೆ ನಮ್ಮ ಶಾಲೆ ಮೇ ಕೊನೆಗೇ ಶುರುವಾಗುವುದರಿಂದ ಬಿಇಒ ಆಫೀಸಿನ ಅನುಮತಿ ಪತ್ರ ಮೊದಲೇ ಕೈಯಲ್ಲಿರಲಿ. ಆನ್‌ಲೈನ್ ಕೋರ್ಸು, ನಿಮ್ಮ ಸವಾರರ ಹತ್ತಿರ ಆಗಲೇ ಪವರ್ ಮೀಟರ್ ಇದ್ದು, ತಿಂಗಳಿಗೆ ಇಷ್ಟು ಅಂತ ಫೀಸು ಕೊಡಲು ಅವರು ತಯಾರಿದ್ದರೆ ಮಾತ್ರ.

ನೌಕರಿಯೇ ಗುರಿ ಎನ್ನುವ ಹುಡುಗ ಹುಡುಗಿಯರು ಈ ಮೂರರ ಹಿಂದೆಯೂ ಬೀಳಬೇಡಿ. ಕ್ರೀಡಾ ಪ್ರಾಧಿಕಾರದ ಸಹಾಯಕ ಕೋಚ್ ಹುದ್ದೆಗೆ ಕೇಳುವುದು ಎನ್‌ಐಎಸ್ ಡಿಪ್ಲೊಮಾ, ಆರು ವಾರದ ಕಾಗದ ಅದಕ್ಕೆ ನಡೆಯುವುದಿಲ್ಲ. ಡಿಪ್ಲೊಮಾಗೆ ಪದವಿಯ ಜೊತೆ ನೀವು ಸ್ವತಃ ಸ್ಪರ್ಧಿಸಿದ್ದಕ್ಕೆ ದಾಖಲೆ ಬೇಕು. ರಾಜ್ಯಮಟ್ಟ, ರಾಷ್ಟ್ರಮಟ್ಟದಲ್ಲಿ ಭಾಗವಹಿಸಿದ ಸರ್ಟಿಫಿಕೇಟುಗಳನ್ನು ಇವತ್ತೇ ಹುಡುಕಿ ಲ್ಯಾಮಿನೇಟ್ ಮಾಡಿಸದೆ ಹಾಗೇ ಫೈಲಿಗೆ ಹಾಕಿಡಿ. ಪರಿಶೀಲನೆಗೆ ಹಿಂಬದಿಯಲ್ಲಿ ಸಹಿ, ಸೀಲು ಬೇಕಾದರೆ ಲ್ಯಾಮಿನೇಷನ್ ಬಿಚ್ಚಲು ಬರುವುದಿಲ್ಲ.